ನೀಲಿಯನ್ನು ಮರೆತ ಪೆಟ್ಟಿಗೆ

ಇದನ್ನು ಹೇಳುವಷ್ಟು ತಿಳಿವಳಿಕೆ ನನಗಿದೆಯೇ ಎಂಬ ಅನುಮಾನ ಇದ್ದೇ ಇದೆ, ತಪ್ಪಿದ್ದರೆ ಮನ್ನಿಸಬೇಕು. ನೂಲಿಗೆ ಬಣ್ಣ ಹಾಕುವ ಆ ಕೋಣೆಯಲ್ಲಿ ಹಬೆ ಸೂರಿನ ತನಕ ಏರಿ, ಕಿಟಕಿಯ ಬಿಸಿಲು ಹಾಲಿನಂತೆ ಕದಡಿತ್ತು. ಎಲೆಕ್ಟ್ರಿಷಿಯನ್ ಗೋಡೆಯ ಪೆಟ್ಟಿಗೆಯೊಳಗೆ ಹೊಸ ಬ್ಯಾಟರಿ ಕೂರಿಸಿ, ಮೇನ್ ಸ್ವಿಚ್ ಎತ್ತಿದ. ಪರದೆ ಬೆಳಗಿತು. ಅದರಲ್ಲಿ ಒಂದಕ್ಷರವೂ ಇರಲಿಲ್ಲ.

ಕರೆಂಟ್ ಇರುವಾಗ ಏನನ್ನೂ ಮುಟ್ಟಬಾರದೆಂದು ಸಂಜೆ ತರಗತಿಯಲ್ಲಿ ಕಲಿತದ್ದನ್ನು ಅವನು ಒಮ್ಮೆಯೂ ಮೀರಿದವನಲ್ಲ; ಅಂದೂ ಮೇನ್ ಆಫ್ ಮಾಡಿಯೇ ಹಳೆಯ ಬ್ಯಾಟರಿ ತೆಗೆದಿದ್ದ. ಆದರೆ ಬಣ್ಣದ ಕೆಲಸವನ್ನೆಲ್ಲ ತಾನೇ ನಡೆಸುವ ಈ ಹಳೆಯ ಪಿಎಲ್‌ಸಿ ಪೆಟ್ಟಿಗೆಯ ರೀತಿಯೇ ಬೇರೆ. ಕರೆಂಟ್ ಇರುವಾಗಲೇ ಅದರ ಬ್ಯಾಟರಿ ಬದಲಿಸಬೇಕು. ಎರಡೂ ಒಟ್ಟಿಗೆ ಇಲ್ಲವಾದರೆ, ನೀರು ಎಷ್ಟು ಕಾಯಬೇಕು, ಬಣ್ಣ ಯಾವಾಗ ತೊಟ್ಟಿಗೆ ಇಳಿಯಬೇಕು, ನೂಲು ಎಷ್ಟು ಹೊತ್ತು ನಿಲ್ಲಬೇಕು ಎಂಬುದೆಲ್ಲ ಅಳಿಸಿಹೋಗುತ್ತದೆ.

ಪೆಟ್ಟಿಗೆ ಮಾರಿದವರಿಗೆ ಫೋನ್ ಮಾಡಿದ. ಪ್ರೋಗ್ರಾಂ ಬರೆದವನು ಕೆಲಸ ಬಿಟ್ಟಿದ್ದ; ನಕಲು ಯಾರ ಬಳಿಯೂ ಇರಲಿಲ್ಲ. ತೊಟ್ಟಿಯಲ್ಲಿ ನೂಲು ಆಗಲೇ ನೆನೆದಿತ್ತು. ಅರ್ಧ ಬಟ್ಟೆ ಹೋದ ವಾರದ ನೀಲಿಯಲ್ಲಿ ನೇಯ್ದಾಗಿತ್ತು. ಉಳಿದರ್ಧಕ್ಕೆ ಅದೇ ನೀಲಿ ಬರದಿದ್ದರೆ ಇಡೀ ಬಟ್ಟೆ ದಂಡ. ಬ್ಯಾಟರಿ ತಾನಾಗಿಯೇ ಸತ್ತಿತೆಂದು ಹೇಳಿದ್ದರೆ ಯಾರೂ ಮರುಪ್ರಶ್ನೆ ಹಾಕುತ್ತಿರಲಿಲ್ಲ.

"ಅತ್ತಿಗೆ, ನಾನೇ ಅಳಿಸ್ಬಿಟ್ಟೆ," ಎಂದ.

"ಏನನ್ನ?"

"ನಿಮ್ಮ ನೀಲಿನ."

ಪೆಟ್ಟಿಗೆ ಬರುವ ಮುಂಚೆ ಅಲ್ಲಿ ಕೈಯಲ್ಲೇ ಬಣ್ಣ ಹಾಕುತ್ತಿದ್ದವಳು ಅವನ ಅಣ್ಣನ ಹೆಂಡತಿ. ಖಾಲಿ ಪರದೆಯನ್ನು ನೋಡಿದಳು.

"ಭೇಷ್ ಮೈದುನರಾಯ! ಹನ್ನೊಂದು ವರ್ಷದಿಂದ ಹಸಿರು ಗುಂಡಿ ಒತ್ತೋದೊಂದೇ ನನ್ನ ಕೆಲಸ. ಇವತ್ತು ಅದಕ್ಕೂ ರಜೆ ಕೊಡಿಸ್ದೆ."

"ತಮಾಷೆ ಬೇಡಿ ಅತ್ತಿಗೆ. ನಿಮಗೆ ಆ ಲೆಕ್ಕವೆಲ್ಲ ನೆನಪಿದೆ ತಾನೇ?"

"ಪ್ರೋಗ್ರಾಂ ಬರೆದ ಆ ಪುಣ್ಯಾತ್ಮ ಮೂರು ದಿನ ನನ್ನ ಪಕ್ಕದಲ್ಲೇ ನಿಂತು, ಕೇಳಿ ಕೇಳಿ ಬರ್ಕೊಂಡ. ಇನ್ನು ಪೆಟ್ಟಿಗೆಗೆ ಗೊತ್ತಲ್ಲ ಅಂತ ನಾನು ಮರ್ತೆ ಕಣೋ."

ಆದರೂ ಸೆರಗು ಸಿಕ್ಕಿಸಿಕೊಂಡಳು. ತೊಟ್ಟಿಗೆ ಬಿಸಿನೀರು ಬಿಡುವ, ತುಕ್ಕು ಹಿಡಿದ ಕೈಚಕ್ರವನ್ನು ಇಬ್ಬರೂ ಸೇರಿ ತಿರುಗಿಸಿದರು. ಕೊಳವೆಯೊಳಗೆ ನೀರು ನಿದ್ದೆಯಿಂದ ಎದ್ದಂತೆ ಗೊಣಗಿತು. ಅವಳು ತೊಟ್ಟಿಯ ಮೈಗೆ ಅಂಗೈ ಒತ್ತಿ ಕಣ್ಣು ಮುಚ್ಚಿದಳು. ಹಬೆಯಲ್ಲಿ ಮೊದಲು ಅವಳ ಕಾಲು, ಆಮೇಲೆ ಸೊಂಟ ಕಾಣದಾದವು. ಅವನು ಪುಸ್ತಕ ತೆಗೆದು ಹೊತ್ತು ಬರೆದುಕೊಳ್ಳತೊಡಗಿದ.

"ಬರೀಬೇಡ. ಇಲ್ಲಿ ಕೈ ಇಡು."

ಇಟ್ಟ.

"ಇಷ್ಟು ಬಿಸಿಯಾ ಅತ್ತಿಗೆ?"

"ಇನ್ನೂ ಇಲ್ಲ... ಇನ್ನೂ ಇಲ್ಲ... ಹ್ಞೂ, ಇದೇ ಇರ್ಬೇಕು."

ಅವಳು ತೊಟ್ಟಿಗೆ ಬಣ್ಣ ಇಳಿಸಿದಳು. ಎಷ್ಟು ಹೊತ್ತಾಯಿತೋ ಇಬ್ಬರಿಗೂ ಅಂದಾಜಿರಲಿಲ್ಲ. ಕೊನೆಗೆ ಅವಳು ಒಂದು ಲಡಿ ನೂಲನ್ನು ತೊಳೆದು, ಹಿಂಡಿ, ಕಿಟಕಿಯ ಸರಳಿಗೆ ಹೋದ ವಾರದ ಬಟ್ಟೆಯ ಪಕ್ಕ ನೇತುಹಾಕಿದಳು.

"ಒಂದೇ ಥರ ಇದೆಯಲ್ಲ!" ಎಂದ ಅವನು.

"ಒದ್ದೆ ನೂಲನ್ನ ನಂಬಬೇಡ. ಒಣಗ್ಲಿ."

ಅವನು ರಿಜಿಸ್ಟರ್‌ನಲ್ಲಿ 'ಮೇನ್ ಆಫ್ ಮಾಡಿದ್ದು ನಾನೇ' ಎಂದು ಬರೆದು ಸಹಿ ಹಾಕಿ ಬಂದು, ಅವಳ ಪಕ್ಕ ಮೆಟ್ಟಿಲ ಮೇಲೆ ಕೂತ. ಲಡಿಯ ತುದಿಯಿಂದ ಹನಿಗಳು ತಡೆತಡೆದು ಬೀಳುತ್ತಿದ್ದವು. ಒಣಗಿದ ಮೇಲೆ ಆ ಎರಡು ನೀಲಿಗಳು ಕೂಡಿದವೋ ಇಲ್ಲವೋ, ನನಗೆ ಗೊತ್ತಿಲ್ಲ.