ಸಾವಿರದ ಎಂಟುನೂರು ಯಾರ ದುಡ್ಡಿನಲ್ಲಿ?

ನನ್ನದು ಇಸ್ತ್ರಿ ಅಂಗಡಿ. ಪಕ್ಕದ ಮನೆಯ ಹೆಣಿಗೆಯಕ್ಕ ಮಕ್ಕಳಿಗೆ ಉಣ್ಣೆಯ ಸ್ವೆಟರ್ ಹೆಣೆದು ಆನ್‌ಲೈನಿನಲ್ಲಿ ಮಾರುತ್ತಾಳೆ. ಪಾರ್ಸೆಲ್ ಕಟ್ಟುವ ಮುಂಚೆ ಅವಕ್ಕೆ ಹಬೆ ಕೊಟ್ಟು ಹದ ಮಾಡುವುದು ನನ್ನ ಕೆಲಸ. ಹಾಗಾಗಿ ಆ ಮನೆಯ ಕಷ್ಟಸುಖ ನನಗೆ ಗೊತ್ತು. ನಾನು ಕೇಳದಿದ್ದರೂ ಕಿವಿಗೆ ಬೀಳುತ್ತದೆ, ಏನು ಮಾಡಲಿ.

ಕಷ್ಟ ಏನೆಂದರೆ, ಅವಳ ಅಂಗಡಿಗೆ ಹೊರದೇಶದವರು ಬರುತ್ತಿದ್ದರು, ನೋಡುತ್ತಿದ್ದರು, ಸ್ವೆಟರನ್ನು ಬುಟ್ಟಿಗೂ ಹಾಕುತ್ತಿದ್ದರು. ದುಡ್ಡು ಕೊಡುವ ಹೊತ್ತಿಗೆ ಬಿಟ್ಟು ಹೋಗುತ್ತಿದ್ದರು. ನಿಮ್ಮ ಅಂಗಡಿಯಲ್ಲೂ ಹೀಗಾಗುತ್ತಿರಬಹುದು.

ಯಾವ ದೇಶದಿಂದ ಎಷ್ಟು ಜನ ಬಂದರು ಎಂದು ಫೋನು ತೋರಿಸುತ್ತದೆ. ಹೆಣಿಗೆಯಕ್ಕ ದಿನಾ ಬೆಳಿಗ್ಗೆ ಹಾಲು ಒಲೆಯ ಮೇಲಿಟ್ಟು ಒಂದೇ ಒಂದು ದೇಶದ ಸಾಲನ್ನು ನೋಡುತ್ತಾ ನಿಲ್ಲುತ್ತಿದ್ದಳು. ಎಷ್ಟೋ ಸಲ ಹಾಲು ಉಕ್ಕಿಹೋಗುತ್ತಿತ್ತು. ಆ ದೇಶದಲ್ಲಿ ಅವಳ ತಂಗಿ ಇದ್ದಾಳೆ. ಅಲ್ಲಿಯವನನ್ನೇ ಮದುವೆಯಾಗಿದ್ದಾಳೆ. ಅಮ್ಮ ತೀರಿಕೊಂಡಾಗ ತಂಗಿಗೆ ಬರಲಾಗಲಿಲ್ಲ. ನಿನಗೆ ಮನಸ್ಸಿದ್ದರೆ ಬರುತ್ತಿದ್ದೆ ಎಂದು ಅಕ್ಕ ಫೋನಿನಲ್ಲಿ ಅಂದುಬಿಟ್ಟಳು. ಅವತ್ತಿನಿಂದ ನಾಲ್ಕು ವರ್ಷ ಮಾತಿಲ್ಲ. ತಂಗಿ ನಂಬರನ್ನೂ ಮನೆಯನ್ನೂ ಬದಲಾಯಿಸಿದಳು. ಮಗುವಾಗಿದೆ ಎಂಬ ಸುದ್ದಿ ಮಾತ್ರ ಯಾರಿಂದಲೋ ಬಂತು. ತನ್ನ ಕೈಯ ಒಂದು ಸ್ವೆಟರ್ ಆ ಮಗುವಿನ ಮೈಮೇಲೆ ಇರಬೇಕು ಎನ್ನುವುದೊಂದೇ ಅಕ್ಕನ ಹಂಬಲ. ಕಳಿಸೋಣವೆಂದರೆ ವಿಳಾಸವೇ ಇಲ್ಲ.

ಒಂದು ಮಧ್ಯಾಹ್ನ ಪಾರ್ಸೆಲ್ ಒಯ್ಯಲು ಬಂದ ಕೊರಿಯರ್ ಹುಡುಗಿ ಅಂಗಡಿಯನ್ನು ತನ್ನ ಫೋನಿನಲ್ಲಿ ತೆರೆದು ನೋಡಿದಳು. ಬೆಲೆಯ ಜಾಗದಲ್ಲಿ 1800 ಎಂಬ ಅಂಕಿ ಬಿಟ್ಟರೆ ರೂಪಾಯಿಯ ಗುರುತೂ ಇರಲಿಲ್ಲ.

"ಅಕ್ಕ, ಇದು ಯಾರ ದುಡ್ಡಲ್ಲಿ?" ಎಂದು ಕೇಳಿದಳು.

ಉತ್ತರ ಕೊಟ್ಟದ್ದು ಅಕ್ಕನ ಗಂಡ. ಸ್ವೆಟರ್‌ಗಳ ಫೋಟೊ ತೆಗೆಯುವವನೂ ಬೆಲೆ ಹಾಕುವವನೂ ಅವನೇ. ಎಲ್ಲದಕ್ಕೂ ಕೊಂಕು ತೆಗೆಯುವವನೂ ಅವನೇ.

"ಯಾರ ದುಡ್ಡಾದ್ರೇನಮ್ಮ? ಬ್ಯಾಂಕಿನೋರು ಲೆಕ್ಕ ಹಾಕ್ಕೋತಾರೆ."

"ಅದು ಕೊಂಡ ಮೇಲೆ ಅಣ್ಣ. ಕೊಳ್ಳೋಕೆ ಮುಂಚೆನೇ ಹೆದರಿ ಓಡಿಹೋದೋರಿಗೆ ಯಾವ ಬ್ಯಾಂಕು? ಅಕ್ಕ ದಿನಾ ನೋಡ್ತಿರ್ತಾರಲ್ಲ, ಆ ದೇಶದೋರು ಇದನ್ನ ತಮ್ಮ ದುಡ್ಡು ಅಂತ ಓದ್ತಾರೆ. ಅವರಿಗೆ ಅದು ಎರಡು ತಿಂಗಳ ಮನೆ ಬಾಡಿಗೆ. ನಿಜವಾಗಿ ನಿಮ್ಮ ಸ್ವೆಟರ್ ಅವರಿಗೆ ಬೀಳೋದು ಇಪ್ಪತ್ತು ಚಿಲ್ಲರೆ."

ವಿನಿಮಯದ ರೇಟು ದಿನಾ ಏರಿಳಿಯುತ್ತದೆ, ನಷ್ಟವಾದರೆ ನೀನು ಕೊಡುತ್ತೀಯಾ ಎಂದು ಅವನು ಗೊಣಗಿದ. ಅದಕ್ಕೇ ಬೆಲೆಯಲ್ಲಿ ಸ್ವಲ್ಪ ಜಾಗ ಇಟ್ಟುಕೊಳ್ಳಬೇಕು ಎಂದು ಅವಳು ನಕ್ಕಳು. ಅಲ್ಲೇ ಕೂತು ಅಕ್ಕನ ಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು, ಕೊಳ್ಳುವವರು ಯಾವ ದೇಶದವರೋ ಆ ದೇಶದ ಹಣದಲ್ಲೇ ಬೆಲೆ ಕಾಣುವಂತೆ ಮಾಡಿದಳು. ಪಕ್ಕದಲ್ಲಿ ಹಣದ ಹೆಸರು ಬಂತು. ಬೇರೆ ಹಣ ಬೇಕಾದರೆ ಅವರೇ ಆರಿಸಿಕೊಳ್ಳಬಹುದು. ಆ ದೇಶದ ಬೆಲೆಯನ್ನು ಇಪ್ಪತ್ತು ಚಿಲ್ಲರೆ ಎಂದು ಬಿಡದೆ ಇಪ್ಪತ್ತೆರಡು ಮಾಡಿಸಿದಳು, ರೇಟು ಇಳಿದರೂ ಕೈ ಕಚ್ಚದಿರಲಿ ಎಂದು. ತೋರಿಸಿದ ಹಣದಲ್ಲೇ ವಸೂಲಿ ಆಗಬೇಕು, ಆಗದಿದ್ದರೆ ದುಡ್ಡು ಕಟ್ಟುವ ಮುಂಚೆಯೇ ಅದನ್ನು ಬರೆದಿರಬೇಕು ಎಂದಳು. ಮಾಲು ವಾಪಸು ಬಂದರೆ ಅವರು ಕೊಟ್ಟ ಹಣದಲ್ಲೇ ಹಿಂತಿರುಗಿಸಬೇಕಂತೆ.

ಎರಡು ವಾರದಲ್ಲಿ ಮೂರು ದೇಶಗಳಿಂದ ಐದು ಆರ್ಡರ್ ಬಂದವು. ಈಗ ಸೋಮವಾರ ಬಂದರೆ ರೇಟು ನೋಡಿ ಬೆಲೆ ಸರಿಮಾಡುವವನು ಆ ಕೊಂಕಿನ ಗಂಡನೇ, ಯಾರೂ ನೆನಪಿಸಬೇಕಾಗಿಲ್ಲ. ಆದರೆ ಆ ಒಂದು ದೇಶದಿಂದ ಏನೂ ಬರಲಿಲ್ಲ. ಅಕ್ಕ ಖುಷಿಯಾಗಿದ್ದೇನೆ ಎನ್ನುತ್ತಿದ್ದಳು. ಹಾಲು ಮಾತ್ರ ಇನ್ನೂ ಉಕ್ಕಿಹೋಗುತ್ತಿತ್ತು.

ಆರನೆಯ ಆರ್ಡರ್ ಅಲ್ಲಿಂದಲೇ ಬಂತು. ಎರಡು ವರ್ಷದ ಮಗುವಿನ ಅಳತೆ. ಕೊಂಡವನ ಹೆಸರನ್ನು ಅಕ್ಕ ಎರಡೆರಡು ಸಲ ಓದಿದಳು. ಅವನು ತಂಗಿಯ ಗಂಡ. ಜೊತೆಗೊಂದು ಚೀಟಿ ಬರೆದಿದ್ದ. ಫೋನೇ ಅದನ್ನು ನಮ್ಮ ಭಾಷೆಗೆ ತಿರುಗಿಸಿತು.

'ನನ್ನ ಹೆಂಡತಿ ದಿನಾ ನಿಮ್ಮ ಅಂಗಡಿ ನೋಡುತ್ತಾಳೆ. ಏನೂ ಕೊಳ್ಳುವುದಿಲ್ಲ, ಯಾಕೆಂದು ಹೇಳುವುದೂ ಇಲ್ಲ. ನಾನು ಎಷ್ಟೋ ಸಲ ಬುಟ್ಟಿಗೆ ಹಾಕಿ ಬೆಲೆಗೆ ಹೆದರಿ ಬಿಟ್ಟಿದ್ದೆ. ಈಗ ನಮ್ಮ ಹಣದಲ್ಲಿ ಇಪ್ಪತ್ತೆರಡು ಎಂದು ಕಂಡಿತು. ಅವಳಿಗೆ ಹೇಳದೆ ತರಿಸುತ್ತಿದ್ದೇನೆ.'

ಕೆಳಗೆ ಮನೆಯ ವಿಳಾಸವಿತ್ತು.

ಅಕ್ಕ ನಾಲ್ಕು ದಿನ ಹೆಣೆದಳು. ತೋಳನ್ನು ಒಂದು ಬೆರಳು ಉದ್ದ ಬಿಟ್ಟಳು, ಮಗು ಬೆಳೆಯುತ್ತದಲ್ಲ. ಹಬೆ ಕೊಡುವಾಗ ಸ್ವೆಟರಿನ ಜೇಬಿನಲ್ಲಿ ಚೀಟಿಯೊಂದು ನನ್ನ ಕೈಗೆ ತಾಗಿತು. ಓದಬಾರದಿತ್ತು, ಓದಿದೆ. 'ಅವತ್ತು ಹಾಗೆ ಅಂದದ್ದು ನನ್ನ ತಪ್ಪು. ಇದನ್ನ ಬಿಸಿನೀರಲ್ಲಿ ಒಗೀಬೇಡ.' ಅಷ್ಟೇ ಬರೆದಿದ್ದಳು.

ಪಾರ್ಸೆಲ್ ಹೋಗಿ ಒಂಬತ್ತು ದಿನವಾಯಿತು. ಅಕ್ಕ ಇನ್ನೂ ತಂಗಿಯ ಫೋನಿಗೆ ಕಾಯುತ್ತಿದ್ದಾಳೆ.

ಅಂಗಡಿ ನಡೆಸುವ ಅಣ್ಣ ಅಕ್ಕಂದಿರೇ, ಇವತ್ತೇ ನಿಮ್ಮ ಅಂಗಡಿಯನ್ನು ಹೊರಗಿನವರ ಕಣ್ಣಿನಿಂದ ಒಮ್ಮೆ ನೋಡಿ. ಬೆಲೆ ಅವರ ಹಣದಲ್ಲಿ ಕಾಣಲಿ, ಅದರ ಹೆಸರು ಪಕ್ಕದಲ್ಲಿರಲಿ. ಹೇಗೆಂದು ಗೊತ್ತಿಲ್ಲದಿದ್ದರೆ ಗೊತ್ತಿದ್ದವರನ್ನು ಕೇಳಿ, ನಾಚಿಕೆ ಬೇಡ. ಅಷ್ಟು ದೂರದಿಂದ ಬಾಗಿಲ ತನಕ ಬಂದವರು ಬರೀ ಒಂದು ಅಂಕಿಗೆ ಹೆದರಿ ತಿರುಗಿ ಹೋಗಬಾರದು.