ಮಾತಿನ ಸೌಟು

ಆ ಶಿಶುವರ್ಗದಲ್ಲಿ ಒಂದು ಹಳೆಯ ಮರದ ಸೌಟಿತ್ತು. ಅದಕ್ಕೆ ಕಣ್ಣು, ಮೂಗು ಬರೆದು ಮಕ್ಕಳೇ ಮಾತಿನ ಸೌಟು ಎಂದು ಹೆಸರಿಟ್ಟಿದ್ದರು. ಬೆಳಿಗ್ಗೆ ಎಲ್ಲರೂ ಚಾಪೆಯ ಮೇಲೆ ದುಂಡಗೆ ಕೂರುವುದು. ಸೌಟು ಯಾರ ಕೈಯಲ್ಲಿದೆಯೋ ಮಾತು ಅವರದು, ಉಳಿದವರದು ಕಿವಿ. ಹೇಳಲು ಮನಸ್ಸಿಲ್ಲದಿದ್ದರೆ “ಇವತ್ತು ಬೇಡ ಟೀಚರ್” ಎಂದು ಎರಡೂ ಕೈಯಿಂದ ಪಕ್ಕದವರಿಗೆ ದಾಟಿಸಬೇಕು. ಮತ್ತೆ, ಚಾಪೆಯ ಮಾತು ಚಾಪೆ ಬಿಟ್ಟು ಹೋಗಬಾರದು. ಇದನ್ನೆಲ್ಲ ಕಲಿಸಿದ ಟೀಚರ್, ಬಾಗಿಲು ತೆರೆಯುವ ಮುಂಚೆ ದಿನವೂ ಕಣ್ಮುಚ್ಚಿ, “ನನ್ನ ನಾಲಿಗೆ ಕಾಯಪ್ಪ ದೇವರೇ” ಎಂದು ಬೇಡಿಕೊಳ್ಳುವವಳು.

ತಾಯಿಯಿಲ್ಲದ ಗುಬ್ಬಿ ಎಂಬ ಪುಟ್ಟ ಹುಡುಗಿ ತಿಂಗಳುಗಟ್ಟಲೆ “ಇವತ್ತು ಬೇಡ” ಎಂದೇ ದಾಟಿಸಿದ್ದಳು. ಒಂದು ದಿನ ಸೌಟನ್ನು ಎದೆಗವಚಿಕೊಂಡು ಹೇಳಿದಳು:

“ನಮ್ಮಪ್ಪ ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಕೊಂಡು ಅಳ್ತಾರೆ. ನಂಗೆ ಕೇಳ್ಸಲ್ಲ ಅಂದ್ಕೊಂಡಿದಾರೆ.”

ಯಾವ ಮಗುವೂ ನಗಲಿಲ್ಲ. ಬಾಯಿಬಡುಕ ಎಂದೇ ಹೆಸರಾದವನು ಕೂಡ ಸುಮ್ಮನೆ ಅವಳ ಹತ್ತಿರಕ್ಕೆ ಸರಿದು ಕುಳಿತ. ಟೀಚರ್ ಕಣ್ಣು ತುಂಬಿತು. ಆ ಸಂತೋಷ, ಆ ಸಂಕಟ ಎರಡೂ ಹೊಟ್ಟೆಯಲ್ಲಿ ನಿಲ್ಲದೆ, ಮಧ್ಯಾಹ್ನ ಪಕ್ಕದ ತರಗತಿಯ ದೊಡ್ಡ ಟೀಚರ್ ಹತ್ತಿರ ಹೇಳಿಕೊಂಡಳು. ಅವರನ್ನು ಅವಳು ಬಾಯಿತುಂಬ ಅಕ್ಕ ಎನ್ನುತ್ತಿದ್ದಳು.

ಆ ವಾರದ ಕೊನೆಗೆ ಪೋಷಕರ ಸಭೆ. ಅಪ್ಪ ಅಮ್ಮಂದಿರು ಮಕ್ಕಳ ಕುರ್ಚಿಗಳಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕುಳಿತಿದ್ದರು, ಮಕ್ಕಳು ತೊಡೆಗೆ ಆತುಕೊಂಡಿದ್ದರು. ಅಕ್ಕ ಎದ್ದು ನಿಂತು, ನಮ್ಮ ಮಕ್ಕಳು ಹೇಗೆ ಮನಸ್ಸು ಬಿಚ್ಚುತ್ತಾರೆ ನೋಡಿ ಎಂದು ಶುರುಮಾಡಿದರು. ಒಂದು ಮಗು, ಅದರ ತಂದೆ ದರ್ಜಿ, ಬಚ್ಚಲು, ನಲ್ಲಿ. ಒಂದೂ ಬಿಡಲಿಲ್ಲ.

ಸಾಲಿನಲ್ಲಿ ಒಬ್ಬನ ಕೊರಳಲ್ಲಷ್ಟೇ ಅಳತೆ ಟೇಪಿತ್ತು. ಅವನು ಅದನ್ನು ಮೆಲ್ಲಗೆ ತೆಗೆದು, ಸುತ್ತಿ, ಜೇಬಿಗಿಟ್ಟುಕೊಂಡ. ಗುಬ್ಬಿ ಅಪ್ಪನನ್ನು ನೋಡಲಿಲ್ಲ. ಟೀಚರನ್ನೇ ನೋಡಿದಳು.

ಜನ ಹೋದ ಮೇಲೆ ಟೀಚರ್ ಕೇಳಿದಳು. “ನಿಮ್ಮನ್ನ ನಂಬಿ ಹೇಳಿದ್ದೆನಲ್ಲಕ್ಕ.”

“ಹೆಸರು ಹೇಳಿದ್ನಾ ನಾನು?”

“ದರ್ಜಿ ಅಂದ್ರಿ. ಇನ್ನೇನು ಉಳೀತು?”

ಅಕ್ಕ ಕುರ್ಚಿ ಜೋಡಿಸುತ್ತಲೇ ಹೇಳಿದರು: “ನಿನ್ನ ಪಾಠನೇ ಹೊಗಳಿದ್ದು ಕಣೇ. ಅಷ್ಟು ಗುಟ್ಟಿನ ಮಾತಾಗಿದ್ರೆ ನನ್ನ ಹತ್ರ ಯಾಕೆ ತಂದೆ?”

ಬೆನ್ನಿಗೆ ಚೂರಿ ಹಾಕಿದವರ ಬಾಯಿಂದ ಬಂದರೂ ಆ ಮಾತು ನಿಜವೇ ಆಗಿತ್ತು. ಅಕ್ಕ ಎಂದು ಕರೆಯುವ ಬಾಯಿ ಅಂದೇ ಕಟ್ಟಿತು. ಮನೆಗೆ ಹೋಗುವ ದಾರಿಯಲ್ಲಿ ದೇವರಿಗೆ ದೂರು ಹೇಳಹೊರಟವಳಿಗೆ ದೂರು ಯಾರ ಮೇಲೆಂದು ತಿಳಿಯದಾಯಿತು.

ಮುಂದಿನ ತರಗತಿಯ ದಿನ ಚಾಪೆಯ ಮೇಲೆ ಮೊದಲು ಸೌಟು ಹಿಡಿದವಳು ಟೀಚರೇ.

“ಚಾಪೆ ಮಾತನ್ನ ಹೊರಗೆ ಒಯ್ದವಳು ನಾನು. ಗುಬ್ಬಿ, ತಪ್ಪಾಯ್ತಮ್ಮ.”

“ಟೀಚರ್‌ಗೂ ತಪ್ಪಾಗತ್ತಾ?” ಎಂದ ಬಾಯಿಬಡುಕ.

“ಶ್! ಸೌಟು ನಿನ್ ಕೈಲಿಲ್ಲ” ಎಂದು ಪಕ್ಕದವಳು ತಿವಿದಳು.

ಸೌಟು ಗುಬ್ಬಿಯ ಕೈಗೆ ಬಂತು. ಅವಳು ಅದರ ಬರೆದ ಕಣ್ಣುಗಳನ್ನು ಹೆಬ್ಬೆರಳಿನಿಂದ ಸವರುತ್ತ ಬಹಳ ಹೊತ್ತು ಕುಳಿತಳು. ಮಕ್ಕಳು ಕಾದರು. ಟೀಚರೂ ಕಾದಳು.

ಗುಬ್ಬಿ ಬೆನ್ನು ನೆಟ್ಟಗೆ ಮಾಡಿ, ಟೀಚರ್ ಮುಖ ನೋಡಿ, ಕಲಿಸಿದ ಹಾಗೆಯೇ ಹೇಳಿದಳು:

“ಇವತ್ತು ಬೇಡ ಟೀಚರ್.”

ಎರಡೂ ಕೈಯಿಂದ, ಬಹಳ ಮರ್ಯಾದೆಯಿಂದ, ಸೌಟನ್ನು ಪಕ್ಕದವಳಿಗೆ ದಾಟಿಸಿದಳು.