ಸಪ್ಪಲಮ್ಮನ ಕೊತ್ತಿ

ಹಾನಾಳಿಗೆ ಒಂದು ಬೆಕ್ಕು ಬೇಕೆಂದು ಮಿನ್‌ಜಿ ಮೇಡಂ ಹೇಳಿದ ದಿನ ಮಮತಳಿಗೆ ಮೊದಲು ನೆನಪಾದದ್ದು, ತನ್ನ ಮನೆಯಲ್ಲಿ ಅತ್ತೆಯ ಮಂಚದ ಕೆಳಗೆ ಅನ್ನ ನೀರು ಬಿಟ್ಟು ಬಿದ್ದಿದ್ದ ಕೊತ್ತಿ.

ಮೇಡಂ ಕೊರಿಯಾ ದೇಶದವರು. ಗಂಡ ಹೊಸಕೋಟೆ ಕಡೆಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ದೇವನಹಳ್ಳಿಯಾಚೆ, ಹಿಂದೆ ದ್ರಾಕ್ಷಿ ತೋಟವಿದ್ದ ಜಾಗದಲ್ಲಿ ಎದ್ದ ವಿಲ್ಲಾಗಳಲ್ಲಿ ಒಂದರಲ್ಲಿ ಬಾಡಿಗೆಗಿದ್ದರು. ಮಗಳು ಹಾನಾಗೆ ನಾಲ್ಕು ವರ್ಷ. ಸುತ್ತಮುತ್ತ ಅವಳ ಮಾತು ಬಲ್ಲ ಮಕ್ಕಳು ಒಬ್ಬರೂ ಇರಲಿಲ್ಲ. ಬೊಂಬೆಗಳನ್ನು ಸಾಲಾಗಿ ಮಲಗಿಸಿ, ತಾನೂ ಪಕ್ಕದಲ್ಲಿ ಮಲಗಿ, ತಿರುಗುವ ಫ್ಯಾನನ್ನೇ ನೋಡುತ್ತಿರುತ್ತಿದ್ದಳು. ಅವಳನ್ನು ನೋಡಿಕೊಳ್ಳುವ ಕೆಲಸ ಮಮತಳದು. ಕೈಸನ್ನೆ, ಅರ್ಧಂಬರ್ಧ ಇಂಗ್ಲಿಷು, ಇಷ್ಟರಲ್ಲೇ ಮೂವರ ಸಂಸಾರ ಸಾಗಿತ್ತು.

ಮಮತಳಿಗೆ ಮಕ್ಕಳಿಲ್ಲ. ಅವಳು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ, ಉಬ್ಬಸದಿಂದ ಮಂಚ ಹಿಡಿದಿದ್ದ ಅತ್ತೆ ಸಪ್ಪಲಮ್ಮ ಶುರು ಮಾಡುತ್ತಿದ್ದಳು.

"ಇವತ್ತೇನ್ ತಿಂತು ನಿನ್ ಕೂಸು? ನಕ್ತಾ? ಕಣ್ಣು ನಿಜ್ವಾಗ್ಲೂ ಅಷ್ಟ್ ಸಣ್ಣಕ್ಕೈತಾ? ಒಂದ್ಸಲ ಕರ್ಕೊಂಡ್ ಬಾರೇ ಅಮ್ಮಣ್ಣಿ, ಮಡ್ಲಲ್ಲಿ ಕೂರಿಸ್ಕೊಂಡು ನೋಡ್ತೀನಿ."

"ಬರೋ ಭಾನುವಾರ ಕರ್ಕೊಂಡ್ ಬರ್ತೀನಿ ಬಿಡಿ ಅತ್ತೆಮ್ಮ."

ಮೇಡಂ ಹತ್ತಿರ ಅದನ್ನು ಕೇಳಲು ಅವಳಿಗೆ ಒಂದು ದಿನವೂ ಬಾಯಿ ಬರಲಿಲ್ಲ. ಶೀಟಿನ ಮನೆ, ಪಕ್ಕದಲ್ಲೇ ಹರಿಯುವ ಚರಂಡಿ, ಕೆಮ್ಮುವ ಮುದುಕಿ. ಯಾವ ತಾಯಿ ಕಳಿಸುತ್ತಾಳೆ? ಹೀಗೆ ಭಾನುವಾರಗಳು ಕಳೆದವು. ಒಂದು ಮಧ್ಯಾಹ್ನ ಮಮತ ಹಾನಾಳಿಗೆ ಊಟ ಮಾಡಿಸುತ್ತಿದ್ದ ಹೊತ್ತಿನಲ್ಲಿ ಸಪ್ಪಲಮ್ಮ ತೀರಿಕೊಂಡಳು. ಬಾಯಿಗೆ ನೀರು ಬಿಟ್ಟವಳು ಪಕ್ಕದ ಮನೆಯ ರುಕ್ಮಿಣಮ್ಮ.

ತಿಥಿ ಮುಗಿದ ಮೇಲೂ ಕೊತ್ತಿ ಮಂಚದಡಿಯಿಂದ ಏಳಲಿಲ್ಲ. ಕಪ್ಪು ಬಿಳುಪಿನ ಹೆಣ್ಣು ಬೆಕ್ಕು, ಸಪ್ಪಲಮ್ಮನ ಕೈಯಿಂದಲ್ಲದೆ ತಿಂದದ್ದೇ ಇಲ್ಲ. "ಹಿಂಗೇ ಬಿಟ್ರೆ ಸತ್ತೋಯ್ತದೆ. ಆ ಮಗೂಗಾದ್ರೂ ಆಗ್ಲಿ, ತಗೊಂಡೋಗು," ಎಂದ ಗಂಡ ಭೀಮರಾಜ್. ಮಮತ ಅದನ್ನು ಚೀಲದಲ್ಲಿ ಎತ್ತಿಕೊಂಡು ಹೋದಳು.

ವಿಲ್ಲಾದ ನಡುಮನೆಯಲ್ಲಿ ಚೀಲ ಬಿಚ್ಚಿದ್ದೇ ತಡ, ಕೊತ್ತಿ ಆ ಮನೆಯಲ್ಲೇ ಹುಟ್ಟಿ ಬೆಳೆದಂತೆ ನೆಟ್ಟಗೆ ಕಿಟಕಿಯ ಬಳಿಯ ಬೆತ್ತದ ಕುರ್ಚಿಗೆ ಹೋಯಿತು. ಕುರ್ಚಿ ಹತ್ತಲಿಲ್ಲ. ಅದರ ಕಾಲಿಗೆ ಮೈ ಉಜ್ಜಿ, ಮೇಲೆ ನೋಡಿ, ಒಂದು ಸಲ ಕೂಗಿತು. ಹಾನಾ ಕೈತಟ್ಟಿ ಕುಣಿದಳು. ಇಟ್ಟ ಹಾಲನ್ನೆಲ್ಲ ಕೊತ್ತಿ ನೆಕ್ಕಿ ಮುಗಿಸಿತು. ಮೇಡಂ ಕಣ್ಣು ಒರೆಸಿಕೊಂಡು ಮಮತಳ ಕೈ ಹಿಡಿದುಕೊಂಡರು. ಮಗು ಹಾಗೆ ಕುಣಿದು ಎಷ್ಟೋ ಕಾಲವಾಗಿತ್ತು.

ಕೆಲವು ದಿನ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಒಂದು ಬೆಳಿಗ್ಗೆ ಹಾನಾ ಖಾಲಿ ಕುರ್ಚಿಯ ಮುಂದೆ ನಿಂತು, ಎರಡೂ ಕೈ ಹೊಟ್ಟೆಯ ಮೇಲಿಟ್ಟು, ನಡು ಬಗ್ಗಿಸಿ ನಮಸ್ಕಾರ ಮಾಡುವುದನ್ನು ಮಮತ ಕಂಡಳು. ಅವರಲ್ಲಿ ದೊಡ್ಡವರಿಗೆ ಹಾಗೆ ಬಗ್ಗುತ್ತಾರೆ.

"ಹಲ್ಮೊನಿ," ಎಂದಿತು ಮಗು.

ಹಾಗೆಂದರೆ ಅಜ್ಜಿ ಎಂದು ಮೇಡಂ ತಿಳಿಸಿ ಹೇಳಿದರು. ಊರಲ್ಲಿರುವ ಅಜ್ಜಿಯ ನೆನಪಾಗಿರಬೇಕು, ಆಟ ಆಡುತ್ತಿದ್ದಾಳೆ ಎಂದು ನಕ್ಕರು. ಮಮತಳೂ ನಕ್ಕಳು. ಆದರೆ ಅಂದಿನಿಂದ ಕುರ್ಚಿಯ ಪಕ್ಕ ಕಸ ಗುಡಿಸುವಾಗ ಅವಳ ಬೆನ್ನು ತಣ್ಣಗಾಗುತ್ತಿತ್ತು. ಬಟ್ಟೆ ಸೋಪು, ಹಣ್ಣಿನ ವಾಸನೆಯ ಆ ನಡುಮನೆಯಲ್ಲಿ ಒಮ್ಮೊಮ್ಮೆ ಅತ್ತೆ ಜಗಿಯುತ್ತಿದ್ದ ಹೊಗೆಸೊಪ್ಪಿನ ಘಾಟು ಮೂಗಿಗೆ ಬಡಿಯುತ್ತಿತ್ತು.

ಹಾನಾ ಬೆಕ್ಕನ್ನು "ಕೊತ್ತಿ" ಎಂದು ಕರೆಯತೊಡಗಿದಳು. ತನ್ನ ಬಾಯಿಂದಲೇ ಕೇಳಿ ಕಲಿತಿರಬೇಕೆಂದು ಮಮತ ಸಮಾಧಾನ ಮಾಡಿಕೊಂಡಳು. ಒಂದು ಮಧ್ಯಾಹ್ನ ಮೇಡಂ ಅಡುಗೆ ಮನೆಯಲ್ಲಿದ್ದರು, ಮಮತ ಬಟ್ಟೆ ಮಡಚುತ್ತಿದ್ದಳು. ಹಾನಾ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಿದ್ದವಳು ಕತ್ತು ಮೇಲೆತ್ತಿ, ಸ್ಪಷ್ಟವಾಗಿ ಹೇಳಿದಳು:

"ಅಮ್ಮಣ್ಣೀ, ಉಸ್ರು ಕಟ್ತೈತೆ. ಕಿಟ್ಕಿ ತೆಗಿಯೇ."

ಮಮತಳ ಕೈಯಲ್ಲಿದ್ದ ಅಂಗಿ ಜಾರಿ ಬಿತ್ತು. ಈ ಭೂಮಿಯ ಮೇಲೆ ಅವಳನ್ನು ಅಮ್ಮಣ್ಣಿ ಎಂದು ಕರೆಯುತ್ತಿದ್ದವಳು ಒಬ್ಬಳೇ. ಕಿಟಕಿ ತೆಗೆಸಿಕೊಳ್ಳುತ್ತಿದ್ದದ್ದೂ ಹೀಗೇ, ಮಾತಿನ ನಡುವೆ ಒಂದು ಉಸಿರು ಎಳೆದುಕೊಂಡು.

ಮೇಡಂ ಕೈ ಒರೆಸಿಕೊಳ್ಳುತ್ತ ಬಂದರು. ಮಗಳು ನಿಮ್ಮ ಭಾಷೆ ಮಾತಾಡಿದಳಲ್ಲವೇ, ಏನೆಂದಳು, ಎಂದು ಖುಷಿಯಿಂದ ಕೇಳಿದರು.

"ಕ್ಯಾಟ್ ಗುಡ್ ಅಂತು ಮೇಡಂ," ಎಂದಳು ಮಮತ. ಎದ್ದು ಹೋಗಿ ಕಿಟಕಿ ತೆಗೆದಳು.

ಆ ವಾರದಿಂದ ಮಗುವಿಗೆ ಏದುಸಿರು ಹಿಡಿಯಿತು. ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುವಳು. ಮಲಗಿಸಿದರೆ ಎದ್ದು ಕೂರುವಳು, ಮಂಡಿಯ ಮೇಲೆ ಮೊಣಕೈ ಊರಿ, ಬೆನ್ನು ಬಾಗಿಸಿ, ಮುದುಕರು ಕೂರುವ ಹಾಗೆ. ಡಾಕ್ಟರು ಎದೆ ಪರೀಕ್ಷೆ ಮಾಡಿ, ಒಳಗೇನೂ ತೊಂದರೆಯಿಲ್ಲ, ಬೆಕ್ಕಿನ ಕೂದಲು ಆಗಿಬರದೆ ಇರಬಹುದು, ಅದನ್ನು ಕಳಿಸಿಬಿಡಿ ಎಂದರಂತೆ. ಕಳಿಸುವ ಮಾತು ಕೇಳಿ ಹಾನಾ ಕೊತ್ತಿಯನ್ನು ತಬ್ಬಿಕೊಂಡು ಅತ್ತ ಅಳುವಿಗೆ ಇನ್ನಷ್ಟು ಉಸಿರು ಸಿಕ್ಕಿಕೊಂಡಿತು.

ಮಮತ ಆ ರಾತ್ರಿ ಗಂಡನಿಗೆ ಎಲ್ಲವನ್ನೂ ಹೇಳಿದಳು.

"ನಮ್ಮವ್ವ ಯಾರ್ಗೂ ಕೇಡು ಬಗೆದೋಳಲ್ಲ ಕಣೆ," ಎಂದ ಭೀಮರಾಜ್.

"ಕೇಡು ಅಂತ ನಾನೆಲ್ಲಂದೆ? ಮಗೂನ ನೋಡಕ್ಕೆ ಬಂದವ್ರೆ. ಬಂದೋರಿಗೆ ಬಿಟ್ಟೋಗಕ್ಕೆ ಮನಸಾಗ್ತಿಲ್ಲ. ಅಷ್ಟೇ."

ಮರುದಿನ ಮೇಡಂ ಬೆಕ್ಕನ್ನು ಹಾಕಿ ಕಳಿಸಲು ಬುಟ್ಟಿ ತಂದಿಟ್ಟಿದ್ದರು. ಮಮತ ಸ್ವಲ್ಪ ತಾಳಿ ಎಂದು ಸನ್ನೆ ಮಾಡಿ, ಬೆತ್ತದ ಕುರ್ಚಿಯ ಎದುರು ನೆಲದ ಮೇಲೆ ಕೂತಳು. ಹಾನಾ ತಾಯಿಯ ತೊಡೆಯ ಮೇಲೆ ಒರಗಿದ್ದಳು. ಅವಳ ಎದೆ ಸುಯ್‌ಗುಟ್ಟುತ್ತಿತ್ತು. ಖಾಲಿ ಕುರ್ಚಿಯೊಡನೆ ಮಾತಾಡಲು ನಾಚಿಕೆಯಾದರೂ ಮಮತ ಬಾಯಿ ತೆರೆದಳು.

"ಅತ್ತೆಮ್ಮ, ತಪ್ಪು ನಂದು. ಕರ್ಕೊಂಡ್ ಬರ್ತೀನಿ ಅಂದು ಬರ್ಲಿಲ್ಲ. ನೀವೇ ಬಂದ್ಬಿಟ್ರಿ. ನೋಡಿದ್ರಲ್ಲಾ, ಹೂವಿನಂಥ ಕೂಸು. ನಿಮ್ಮ ಉಬ್ಬಸ ಅದ್ಕೆ ತಡಿಯಲ್ಲ. ಮನೆಗೆ ನಡೀರಿ."

ಕೊತ್ತಿ ಕುರ್ಚಿಯ ಕಾಲಿನ ಬಳಿ ಕಿವಿ ನಿಮಿರಿಸಿ ಕೂತಿತು. ತಾಯಿಯ ತೊಡೆಯಿಂದ ಸಣ್ಣ ದನಿ ಬಂತು.

"ನೀನೂ ಬತ್ತೀಯಾ ಅಮ್ಮಣ್ಣಿ?"

ಹಾನಾ ಕಣ್ಣು ಮುಚ್ಚಿಕೊಂಡಿದ್ದಳು. ಮೇಡಂ ಒಮ್ಮೆ ಮಗಳ ಮುಖ, ಒಮ್ಮೆ ಮಮತಳ ಮುಖ ನೋಡುತ್ತಿದ್ದರು. ಅರ್ಥವಾಗದಿದ್ದರೂ ಅವರ ತುಟಿ ಬಿಳುಚಿಕೊಂಡಿತ್ತು. ಬೆಳಿಗ್ಗೆ ಬಂದು ಸಂಜೆ ಹೋಗುವ ತನ್ನ ಹಿಂದೆ ಅತ್ತೆ ದಿನವೂ ನಡೆದು ಬರುತ್ತಾಳೆ, ತಾನು ಇಲ್ಲಿಗೆ ಬರುವಷ್ಟು ಕಾಲ ಅವಳೂ ಬರುತ್ತಾಳೆ ಎಂಬುದು ಮಮತಳಿಗೆ ಆ ಗಳಿಗೆಯಲ್ಲಿ ತಿಳಿಯಿತು.

"ಬರ್ತೀನಿ. ಇನ್ನು ಮನೇಲೇ ಇರ್ತೀನಿ."

ಅವತ್ತೇ ಅವಳು ಕೆಲಸ ಬಿಟ್ಟಳು. ಯಾಕೆ, ಏನು ತಪ್ಪಾಯಿತು ಎಂದು ಮೇಡಂ ಎಷ್ಟು ಕೇಳಿದರೂ ಹೇಳಲು ಅವಳ ಇಂಗ್ಲಿಷು ಸಾಲದು, ಕನ್ನಡವೂ ಸಾಲದು. ಬೆಕ್ಕನ್ನು ಮಾತ್ರ ಕಳಿಸಬೇಡಿ, ಮಗು ಸರಿಹೋಗುತ್ತದೆ ಎಂದು ಕೈ ಮುಗಿದು ಹೊರಟಳು. ಗೇಟಿನವರೆಗೂ ಹಿಂದಿನಿಂದ ಒಂದು ಎಳೆಯುವ ಉಸಿರು ಬರುತ್ತಿತ್ತು. ತಿರುಗಿ ನೋಡಲಿಲ್ಲ. ಆ ಉಸಿರಿಗೆ ಆಯಾಸವಾಗದಂತೆ ಮೆಲ್ಲಗೆ ನಡೆದಳು.

ಹಾನಾ ಎರಡೇ ದಿನದಲ್ಲಿ ಚೇತರಿಸಿಕೊಂಡಳೆಂದು ಮೇಡಂ ಫೋಟೋ ಕಳಿಸಿದರು. ಮಗುವಿನ ಹೊಟ್ಟೆಯ ಮೇಲೆ ಕೊತ್ತಿ ಕಾಲು ಚಾಚಿ ಮಲಗಿತ್ತು. ಇತ್ತ ಶೀಟಿನ ಮನೆಯಲ್ಲಿ, ಭೀಮರಾಜ್ ಕೆಲಸಕ್ಕೆ ಹೋದ ಮೇಲೆ, ಖಾಲಿ ಮಂಚ ಕಿರುಗುಟ್ಟುತ್ತಿತ್ತು. ಸಣ್ಣ ಕೆಮ್ಮು ಕೇಳುತ್ತಿತ್ತು. ಮಮತ ಹೆದರಲಿಲ್ಲ. ರಾಗಿ ಬೀಸಿಸಿಕೊಂಡು ಬಂದದ್ದು, ರುಕ್ಮಿಣಮ್ಮ ಜಗಳವಾಡಿದ್ದು, ಎಲ್ಲವನ್ನೂ ಅತ್ತ ತಿರುಗಿ ಹೇಳುತ್ತಿದ್ದಳು. ನೆರೆಯವರು ಭೀಮರಾಜನಿಗೆ, ಒಬ್ಬಳೇ ಮಾತಾಡುವ ಹೆಂಡತಿಯನ್ನು ಶಿವಗಂಗೆಯ ದೇವಸ್ಥಾನಕ್ಕಾದರೂ ಕರೆದುಕೊಂಡು ಹೋಗಿ ಬಾ ಎಂದು ಬುದ್ಧಿ ಹೇಳಿದರು.

ಮಾಗಿಯ ಹೊತ್ತಿಗೆ ಮೇಡಂ ಕುಟುಂಬಕ್ಕೆ ತಮ್ಮ ದೇಶಕ್ಕೆ ಮರಳುವ ಹುಕುಂ ಬಂತು. ಹೊರಡುವ ಮುಂಚೆ ಮೇಡಂ ದಾರಿ ಕೇಳಿಕೊಂಡು, ಚರಂಡಿ ದಾಟಿ, ಮಮತಳ ಬಾಗಿಲಿಗೇ ಬಂದರು. ಜೊತೆಯಲ್ಲಿ ಹಾನಾ. ಬೆಕ್ಕನ್ನೂ ಕರೆದುಕೊಂಡು ಹೋಗುತ್ತೇವೆ, ಲಸಿಕೆ ಎಲ್ಲ ಆಗಿದೆ ಎಂದು ಸನ್ನೆಯಲ್ಲೇ ತಿಳಿಸಿದರು.

ಹಾನಾ ಎತ್ತರವಾಗಿದ್ದಳು. ಕನ್ನಡದ ಒಂದು ಪದವೂ ಅವಳಿಗೆ ಬರಲಿಲ್ಲ. ಗೋಡೆಯ ಮೇಲಿನ ಸಪ್ಪಲಮ್ಮನ ಫೋಟೋ ನೋಡಿದಳು, ಗುರುತು ಹತ್ತಲಿಲ್ಲ. ಮಮತ ಕೊಟ್ಟ ಹುರಿಗಡಲೆ ಬಾಯಿಗೆ ಹಾಕಿಕೊಂಡು, ಕೂರಲು ಬೇರೆ ಜಾಗವಿಲ್ಲದೆ, ಹೋಗಿ ಮಂಚದ ಮೇಲೆ ಕೂತಳು. ಕಾಲು ಆಡಿಸುತ್ತ ನಕ್ಕಳು. ಮಂಚ ಕಿರುಗುಟ್ಟಲಿಲ್ಲ, ಮಗು ಯಾರದೋ ಮಡಿಲಲ್ಲಿ ಕೂತಂತಿತ್ತು. ಮಗು ಏಳುವವರೆಗೂ ಮಮತ ಬಾಗಿಲ ಚೌಕಟ್ಟು ಹಿಡಿದು, ಕದಲದೆ ನಿಂತಿದ್ದಳು.

ಅವರ ಕಾರು ಹೋದ ಮೇಲೆ ಅವಳು ಒಳಗೆ ಬಂದು ಕಿವಿಗೊಟ್ಟು ಕೂತಳು. ಕೆಮ್ಮಿಲ್ಲ, ಉಸಿರಿಲ್ಲ. ದೀಪ ಹಚ್ಚಿದಳು. ಆಗಲೂ ಇಲ್ಲ. "ಅತ್ತೆಮ್ಮಾ," ಎಂದು ಎರಡು ಸಲ ಕೂಗಿದಳು.

ಭೀಮರಾಜ್ ಬಂದಾಗ ಹೆಂಡತಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅತ್ತೆ ಸತ್ತ ದಿನ ಕೂಡ ಹೀಗೆ ಅತ್ತಿರಲಿಲ್ಲ. ಅವನು ಪಕ್ಕದಲ್ಲಿ ಕೂತ. ಮರುವಾರ ಮಮತ ದೇವನಹಳ್ಳಿ ಪಕ್ಕದ ವಿಜಯಪುರದ ರಸ್ತೆಯ ಗುಲಾಬಿ ತೋಟದಲ್ಲಿ ಹೂ ಬಿಡಿಸುವ ಕೆಲಸಕ್ಕೆ ಸೇರಿದಳು.